ದೋಣಿ ಸೊಟ್ಟಾದರೆ ಮೊದಲು ದಾರ ಕಟ್ಟಿ ನೋಡಿ

ಮಾಡೆಲ್ ಹಡಗಿಗೆ ಪಟ್ಟಿ ಕೂರುತ್ತಿಲ್ಲ ಅಂದ್ರೆ ಎಲ್ಲರೂ ಬೈಯೋದು ಪಟ್ಟಿಯನ್ನೇ. ನಾನೂ ಬೈದೆ. ಆಮೇಲೆ ಅಂಟನ್ನು ಬೈದೆ, ಕಿಟ್ ಮಾಡಿದವರನ್ನು ಬೈದೆ. ಕೊನೆಗೆ ತಪ್ಪು ಸಿಕ್ಕಿದ್ದು ಕಿಟಕಿಯಲ್ಲಿ. ಅಲ್ಲಿ ಹೇಗೆ ತಲುಪಿದೆ ಅನ್ನೋದನ್ನು ಕ್ರಮವಾಗಿ ಬರೆಯುತ್ತೇನೆ. ನಿಮ್ಮ ಹಡಗು ಯಾವುದೇ ಇರಲಿ, ಹುಡುಕುವ ದಾರಿ ಇದೇ.

ನಾನು ಕಟ್ಟುತ್ತಿರುವುದು ಬ್ಲೂನೋಸ್. ಕೆನಡಾದ ನೋವಾ ಸ್ಕೋಷಿಯಾದ ಲೂನೆನ್‌ಬರ್ಗ್‌ನಲ್ಲಿ 1921ರಲ್ಲಿ ನೀರಿಗಿಳಿದ, ಎರಡು ಪಟಗಂಬದ ಸ್ಕೂನರ್. ಮೀನು ಹಿಡಿಯುವ ಹಡಗು, ಓಟದಲ್ಲೂ ಗೆದ್ದ ಹಡಗು. ಆ ದೇಶದ ಹತ್ತು ಸೆಂಟ್ ನಾಣ್ಯದ ಮೇಲೆ ಇರೋದು ಇದೇ. ಅಸಲಿ ಹಡಗಿನ ಉದ್ದ 143 ಅಡಿ. 1:64 ಅಳತೆಯಲ್ಲಿ ಒಡಲು ಸುಮಾರು 68 ಸೆಂ.ಮೀ. ಬರುತ್ತದೆ. ಕಲಬುರಗಿಯಲ್ಲಿ ಕೂತು ಇದನ್ನು ಕಟ್ಟುತ್ತಿದ್ದರೆ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಬಿಡ್ತೀರಿ ಇದನ್ನ, ಅಪ್ಪನ ಕೆರ್‍ಯಾಗ?"

ಕಟ್ಟುವ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದಕ್ಕೆ ಒಂದು ಪ್ಲೈವುಡ್ ಹಲಗೆ ಇರುತ್ತದೆ, ಅದು ಬೆನ್ನು. ಅದರಲ್ಲಿ ಗಾಡಿ, ಅಂದ್ರೆ ತುಂಡು ಸಿಕ್ಕಿಸುವ ಸೀಳು, ಕೊರೆದಿರುತ್ತಾರೆ. ಆ ಗಾಡಿಗಳಿಗೆ ಅಡ್ಡಡ್ಡ ಪ್ಲೈ ತುಂಡುಗಳು ಕೂರುತ್ತವೆ, ಅವು ಪಕ್ಕೆಲುಬು. ಮೇಲೆ ಬಾಸ್‌ವುಡ್ ಎಂಬ ಮೆದು ಮರದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರೆ ಒಡಲು ಮುಚ್ಚಿಕೊಳ್ಳುತ್ತದೆ. ನನ್ನ ಕಿಟ್ಟಿನ ಪಟ್ಟಿಗಳು 5 ಮಿ.ಮೀ. ಅಗಲ, ಒಂದೂವರೆ ಮಿ.ಮೀ. ದಪ್ಪ.

ಕಂಡದ್ದು ಏನು

ಮೂರನೇ ಸಾಲಿಗೆ ಬಂದಾಗ ಕಂಡಿತು. ಬಲಗಡೆ ಪಟ್ಟಿ ತಾನಾಗೇ ಮೈಗೆ ಒರಗಿತು. ಎಡಗಡೆಯದು ಮೂತಿಯ ಹತ್ತಿರ ಎದ್ದು ನಿಂತಿತು, ಪಿನ್ನು ಚುಚ್ಚಿದರೂ ಬೆಳಿಗ್ಗೆ ಹೊತ್ತಿಗೆ ಬಾಯಿ ಬಿಟ್ಟಿರುತ್ತಿತ್ತು. ಹಿಂದುಗಡೆ ಇನ್ನೂ ವಿಚಿತ್ರ. ಎರಡೂ ಬದಿಯ ಪಟ್ಟಿ ಒಂದೇ ಎತ್ತರದಲ್ಲಿ ಮುಗಿಯಬೇಕಿತ್ತು, ಎಡಗಡೆಯದು 3 ಮಿ.ಮೀ. ಮೇಲೆ ಮುಗಿಯುತ್ತಿತ್ತು.

ನಾನು ಮಾಡಿದ್ದು ಎಲ್ಲರೂ ಮಾಡೋದೇ. ಪಟ್ಟಿಯನ್ನು ಇನ್ನಷ್ಟು ನೆನೆಸಿದೆ. ಫೆವಿಕಾಲ್ ಬಿಟ್ಟು ಕ್ವಿಕ್ ಅಂಟು ಹಾಕಿದೆ. ಬಟ್ಟೆ ಕ್ಲಿಪ್ಪು ಸಾಲದೆ ಹೆಂಡತಿಯ ತಲೆಯ ಕ್ಲಿಪ್ಪೂ ತಂದೆ. ಅಂಟೇನೋ ಹಿಡಿಯಿತು. ಆದರೆ ನಾಲ್ಕನೇ ಪಟ್ಟಿ ಇಟ್ಟು ನೋಡಿದರೆ ವ್ಯತ್ಯಾಸ 4 ಮಿ.ಮೀ. ಆಗಿತ್ತು. ಎಳೆದು ಕೂರಿಸಿದ ಪಟ್ಟಿ ತಾನೂ ಒಡಲನ್ನು ಎಳೆಯುತ್ತದೆ. ಆ ಮಾತು ನನಗೆ ಆಗ ಹೊಳೆಯಲಿಲ್ಲ.

ಎರಡು ಸ್ಕೇಲಿನ ಪರೀಕ್ಷೆ

ನಮ್ಮ ಓಣಿಯಲ್ಲಿ ಒಬ್ಬರು ಹಿರಿಯ ಬಡಿಗ ಇದ್ದಾರೆ. ಬಾಗಿಲ ಚೌಕಟ್ಟು ಮಾಡುವ ಕೈ. ನಾವೆಲ್ಲ ಕಾಕಾ ಅಂತೀವಿ. ಒಂದು ಸಂಜೆ ಚಹಾ ಕುಡಿಯೋಕೆ ಬಂದವರು ಹಡಗನ್ನು ಕೈಗೆತ್ತಿಕೊಂಡು, ಪಟ್ಟಿ ಕಡೆ ನೋಡಲೇ ಇಲ್ಲ. "ತಮ್ಮಾ, ಎರಡು ಸ್ಟೀಲ್ ಸ್ಕೇಲ್ ತಾ" ಅಂದರು.

ಒಂದು ಸ್ಕೇಲನ್ನು ಮೂತಿಯ ಕಡೆಯ ಪಕ್ಕೆಲುಬಿನ ಮೇಲೆ ಅಡ್ಡ ಇಟ್ಟರು, ಇನ್ನೊಂದನ್ನು ಬಾಲದ ಕಡೆ. ಪಕ್ಕೆಲುಬಿನ ನೆತ್ತಿ ಡೆಕ್ಕಿನ ಉಬ್ಬಿಗಾಗಿ ಕಮಾನಿನಂತೆ ಇರುತ್ತದೆ, ಅದರ ಮೇಲೆ ಸ್ಕೇಲ್ ನಿಲ್ಲೋದಿಲ್ಲ, ತೂಗಾಡುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ ಮೇಲಕ್ಕೆ ಎದ್ದಿರುವ ಕಿವಿಗಳ ಮೇಲೆ ಇಟ್ಟರು. ನಿಮ್ಮ ಕಿಟ್ಟಿನಲ್ಲಿ ಕಿವಿ ಇಲ್ಲದಿದ್ದರೆ ಎರಡೂ ಬದಿ ಒಂದೇ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕಿ, ಆ ಗೆರೆಗೆ ಸ್ಕೇಲ್ ಹಿಡಿದು ಕ್ಲಿಪ್ ಹಾಕಿ.

ಆಮೇಲೆ ಕಾಕಾ ನೆಲಕ್ಕೆ ಕೂತು, ಒಂದು ಕಣ್ಣು ಮುಚ್ಚಿ, ಮುಂದಿನ ಸ್ಕೇಲಿನ ಅಂಚಿನ ಮೇಲಿಂದ ಹಿಂದಿನದನ್ನು ನೋಡಿದರು. "ಬಾ, ಇಲ್ಲಿಂದ ನೋಡು. ಹಡಗ ಮೈ ತಿರುವ್ಯಾದ." ನೋಡಿದೆ. ಎರಡು ಗೆರೆ ಒಂದರ ಹಿಂದೆ ಒಂದು ಅಡಗಬೇಕಿತ್ತು. ಹಿಂದಿನದು ಎಡಗಡೆ ಮೇಲೆದ್ದು, ಬಲಗಡೆ ಮರೆಯಾಗಿತ್ತು. ಬಾಗಿಲು ಅಲುಗಾಡದೆ ಕೂರಬೇಕಾದರೆ ಬಡಿಗರು ಚೌಕಟ್ಟನ್ನು ಹೀಗೇ ನೋಡುತ್ತಾರಂತೆ. ಎರಡು ತಿಂಗಳಿಂದ ಎದುರಿಗಿದ್ದದ್ದು ಎರಡು ನಿಮಿಷದಲ್ಲಿ ಕಂಡಿತು.

ಈ ಪರೀಕ್ಷೆ ಇಷ್ಟಕ್ಕೆ ನಿಲ್ಲಿಸಬೇಡಿ. ಮುಂದಿನ ಸ್ಕೇಲ್ ಇದ್ದಲ್ಲೇ ಇರಲಿ. ಎರಡನೆಯದನ್ನು ಒಂದೊಂದೇ ಪಕ್ಕೆಲುಬಿಗೆ ಸರಿಸುತ್ತಾ ಬನ್ನಿ. ಓರೆ ಮೂತಿಯಿಂದ ಬಾಲದ ತನಕ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋದರೆ ತಪ್ಪು ಬೆನ್ನಿನದು. ಐದರವರೆಗೆ ಸರಿ ಇದ್ದು ಆರರಲ್ಲಿ ದಿಢೀರ್ ಅಂತ ಓರೆಯಾಗಿ, ಏಳರಲ್ಲಿ ಮತ್ತೆ ಸರಿಯಾದರೆ ಆರನೆಯದು ಗಾಡಿಯಲ್ಲಿ ಪೂರ್ತಿ ಕೂತಿಲ್ಲ ಎಂದರ್ಥ. ಗಾಡಿಯ ತಳದಲ್ಲಿ ಒಣಗಿದ ಅಂಟಿನ ಒಂದು ಗುಳ್ಳೆ ಇದ್ದರೂ ಸಾಕು. ಅದೊಂದನ್ನೇ ಬಿಡಿಸಿ ಕೂರಿಸಿದರೆ ಆಯಿತು. ಇನ್ನು ಪಟ್ಟಿ ಹಾಕುವ ಮುಂಚೆ ಎಲ್ಲ ಸರಿಯಿದ್ದು, ಹಾಕಿದ ಮೇಲೆ ತಿರುಚಿಕೊಂಡಿದ್ದರೆ, ನೀವು ಒಂದೇ ಬದಿಗೆ ನಾಲ್ಕೈದು ಪಟ್ಟಿ ಹಾಕಿ ಇನ್ನೊಂದು ಬದಿಯನ್ನು ನಾಳೆಗೆ ಬಿಟ್ಟಿರಬೇಕು. ಎಡಕ್ಕೆ ಒಂದು ಹಾಕಿದರೆ ಅದೇ ಕೂತಲ್ಲಿ ಬಲಕ್ಕೂ ಒಂದು ಹಾಕಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ನನ್ನದು ಮೊದಲನೇ ಜಾತಿ. ಸ್ವಲ್ಪ ಸ್ವಲ್ಪವೇ ಏರುವ ಓರೆ.

ದಾರ ಹೇಳಿದ್ದು

ಮೈ ತಿರುಚಿರೋದು ಬೇರೆ, ಬಾಳೆಹಣ್ಣಿನಂತೆ ಪಕ್ಕಕ್ಕೆ ಬಾಗಿರೋದು ಬೇರೆ. ಬಾಗು ನೋಡೋಕೆ ಸ್ಕೇಲ್ ಸಾಲದು, ದಾರ ಬೇಕು. ಬೆನ್ನು ಹಲಗೆಯ ಮೇಲಂಚಿನ ನಡುಗೆರೆಯ ಎರಡೂ ತುದಿಗೆ ಗುಂಡುಪಿನ್ನು ಚುಚ್ಚಿ, ಹೊಲಿಗೆ ದಾರವನ್ನು ಬಿಗಿಯಾಗಿ ಕಟ್ಟಿ. ನಡುವೆ ದಾರಕ್ಕೂ ಗೆರೆಗೂ ಎಷ್ಟು ಅಂತರ ಅಂತ ಅಳೆಯಿರಿ. ಅರ್ಧ ಮಿ.ಮೀ. ಇದ್ದರೆ ಮರೆತುಬಿಡಿ. ಒಂದು ಮಿ.ಮೀ. ಇದ್ದರೂ ಉಜ್ಜುವಾಗ ಮುಚ್ಚಿಹೋಗುತ್ತದೆ. ಎರಡು ದಾಟಿದರೆ ಮುಂದೆ ಹೋಗಬೇಡಿ. ಬ್ಲೂನೋಸಿನಂಥ ಕಪ್ಪು ಒಡಲಿಗೆ ಕೆಳಗೆ ಕೆಂಪು ಬಣ್ಣ ಬಳಿದಾಗ, ಎರಡು ಬಣ್ಣ ಕೂಡುವ ಗೆರೆಯಲ್ಲಿ ಆ ಸೊಟ್ಟು ಎದ್ದು ಕಾಣುತ್ತದೆ. ಪಟಗಂಬ ನಿಲ್ಲಿಸಿದ ಮೇಲಂತೂ ಹಿಂದಿನಿಂದ ನೋಡಿದರೆ ಎರಡು ಕಂಬ ಎರಡು ದಿಕ್ಕು.

ನನ್ನ ದಾರ ರಾತ್ರಿ 3 ಮಿ.ಮೀ. ತೋರಿಸಿತು. ನಡುಭಾಗ ಎಡಕ್ಕೆ ಉಬ್ಬಿತ್ತು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಸುಮ್ನೆ ಇನ್ನೊಮ್ಮೆ ನೋಡಿದೆ. 2 ಮಿ.ಮೀ. ನಾನೇ ತಪ್ಪು ಅಳೆದೆ ಅಂದುಕೊಂಡೆ. ಅವತ್ತು ರಾತ್ರಿ ಮತ್ತೆ 3. ಅಲ್ಲಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ದಿನಕ್ಕೆ ಎರಡು ಸಲ ಬರೆಯೋಕೆ ಶುರು ಮಾಡಿದೆ. ಬೆಳಿಗ್ಗೆ ಕಡಿಮೆ, ರಾತ್ರಿ ಜಾಸ್ತಿ. ನಾಲ್ಕು ದಿನ ಹೀಗೇ. ಐದನೇ ದಿನ ಮಧ್ಯಾಹ್ನದಿಂದ ರಾತ್ರಿವರೆಗೆ ಕರೆಂಟ್ ಇರಲಿಲ್ಲ. ಆ ರಾತ್ರಿ ದಾರ 2 ಮಿ.ಮೀ.ನಲ್ಲೇ ನಿಂತಿತ್ತು.

ಕರೆಂಟಿಗೂ ಹಡಗಿಗೂ ಏನು ಸಂಬಂಧ? ಬೆವರು ಒರೆಸಿಕೊಳ್ಳುತ್ತಾ ಕೂತಿದ್ದಾಗ ಉತ್ತರ ಎದುರಿಗೇ ಕಂಡಿತು. ಕೂಲರ್!

ಮೇ ತಿಂಗಳು ನಮ್ಮ ಊರಲ್ಲಿ 42, 43 ಡಿಗ್ರಿ ಮಾಮೂಲು. ಹೊರಗಿನ ಗಾಳಿ ಹಪ್ಪಳ ಒಣಗಿಸುವ ಗಾಳಿ. ಕಿಟಕಿಯ ಕೂಲರ್ ನೀರಲ್ಲಿ ತೋಯ್ದ ಹುಲ್ಲಿನ ಮೂಲಕ ಆ ಗಾಳಿಯನ್ನು ಎಳೆದು ಒಳಗೆ ಬಿಡುತ್ತದೆ. ನನ್ನ ಮೇಜು ಅದರ ಎದುರಿಗೇ ಇದೆ. ಹಡಗಿನ ಮೂತಿ ಬಾಗಿಲ ಕಡೆ, ಎಡಮಗ್ಗಲು ಕೂಲರ್ ಕಡೆ. ಇಡೀ ಸಂಜೆ ಹಸಿಗಾಳಿ ಒಂದೇ ಮಗ್ಗಲಿಗೆ ಬಡಿಯುತ್ತಿತ್ತು. ಮರ ಹಸಿ ಕುಡಿದರೆ ಹಿಗ್ಗುತ್ತದೆ. ಎಡಮೈ ಹಿಗ್ಗಿತು, ಬಲಮೈ ಹಾಗೇ ಇತ್ತು, ಹಲಗೆ ಎಡಕ್ಕೆ ಉಬ್ಬಿತು. ರಾತ್ರಿ ಕೂಲರ್ ಬಂದ್ ಆದ ಮೇಲೆ ಸ್ವಲ್ಪ ವಾಪಸ್ ಬರುತ್ತಿತ್ತು, ಪೂರ್ತಿ ಅಲ್ಲ. ನಾನು ಉಬ್ಬಿದ ಹೊತ್ತಿನಲ್ಲೇ, ಅಂದ್ರೆ ಆಫೀಸಿನಿಂದ ಬಂದ ಮೇಲೆ, ಪಟ್ಟಿ ಅಂಟಿಸಿ ಆ ಸೊಟ್ಟನ್ನು ಹಾಗೇ ಬೀಗ ಹಾಕುತ್ತಿದ್ದೆ.

ಪ್ಲೈವುಡ್ ಉದ್ದಕ್ಕೆ ಹಿಗ್ಗೋದಿಲ್ಲ ಅಂತ ನೀವು ಕೇಳಿರಬಹುದು. ಹಿಗ್ಗೋದು ತೀರಾ ಕಡಿಮೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. 5 ಮಿ.ಮೀ. ದಪ್ಪ, 68 ಸೆಂ.ಮೀ. ಉದ್ದದ ಹಲಗೆಯ ಒಂದು ಮೈ ಇನ್ನೊಂದಕ್ಕಿಂತ ಬರೀ 0.2 ಮಿ.ಮೀ. ಉದ್ದವಾದರೆ ಸಾಕು, ನಡುವೆ 3 ಮಿ.ಮೀ.ಗಿಂತ ಜಾಸ್ತಿ ಬಾಗು ಬರುತ್ತದೆ. 0.2 ಮಿ.ಮೀ. ಅಂದ್ರೆ ಎರಡು ಹಾಳೆ ಕಾಗದದ ದಪ್ಪ.

ಮರುದಿನ ಕಾಕಾನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಹಲಗಿ ಒಂದ ಮಗ್ಗಲಾ ಹಸಿ ಆದ್ರ ಬಾಗ್ತದ. ಅದಕ್ಕೇ ನಾವು ಹಲಗಿ ಗ್ವಾಡಿಗಿ ಒರಗಿಸಿ ಇಡಂಗಿಲ್ಲ" ಅಂದರು. ಇದನ್ನು ಮೊದಲೇ ಹೇಳಬಾರದಿತ್ತೇ ಅಂದೆ. "ನೀ ಎಲ್ಲಿ ಕೇಳ್ದಿ?"

ನೆಟ್ಟಗೆ ಮಾಡಿದ್ದು

ಮೊದಲ ಕೆಲಸ, ಹಾಕಿದ ಪಟ್ಟಿ ತೆಗೆಯೋದು. ಮನಸ್ಸು ಬರೋದಿಲ್ಲ, ಆದರೆ ಪಟ್ಟಿ ಇರುವಾಗ ಬೆನ್ನು ನೆಟ್ಟಗಾಗೋದಿಲ್ಲ. ಫೆವಿಕಾಲ್‌ನಂಥ ಬಿಳಿ ಅಂಟು ಐಸೋಪ್ರೊಪೈಲ್ ಆಲ್ಕೋಹಾಲಿಗೆ ಮೆತ್ತಗಾಗುತ್ತದೆ. ಸಣ್ಣ ಬ್ರಶ್ಶಿನಲ್ಲಿ ಜೋಡಣೆಯ ಮೇಲೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮತ್ತೆ ಹಚ್ಚಿ, ತೆಳು ಬ್ಲೇಡನ್ನು ನಿಧಾನಕ್ಕೆ ತೂರಿಸಿ. ಕ್ವಿಕ್ ಅಂಟಿಗೆ ಇದು ನಡೆಯೋದಿಲ್ಲ, ಅದಕ್ಕೆ ಅಸಿಟೋನ್ ಬೇಕು. ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ದೀಪ ದೂರ ಇರಲಿ, ಕಿಟಕಿ ತೆರೆದಿರಲಿ. ಕ್ವಿಕ್ ಅಂಟಿನಲ್ಲಿ ಕೂರಿಸಿದ್ದ ಎರಡು ಪಟ್ಟಿ ಬಿಡಿಸುವಾಗ ತುಂಡಾದವು. ಬಿಳಿ ಅಂಟಿನವು ಇಡಿಯಾಗಿ ಬಂದವು. ಅಂದಿನಿಂದ ಒಡಲಿಗೆ ನಾನು ಬಿಳಿ ಅಂಟೇ ಹಾಕೋದು.

ಎರಡನೆಯದು, ಹಲಗೆಯನ್ನು ನೆಟ್ಟಗೆ ಮಾಡೋದು. ಹಾರ್ಡ್‌ವೇರ್ ಅಂಗಡಿಯಿಂದ ಅಲ್ಯೂಮಿನಿಯಂ ಆಂಗಲ್ ಎರಡು ತುಂಡು ತಂದೆ, ಹಡಗಿನಷ್ಟೇ ಉದ್ದ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಪ್ಲೈ ಹಲಗೆ ಹಾಸಿ, ಎರಡು ಆಂಗಲ್ ನಡುವೆ ಬೆನ್ನಿನ ಕೆಳ ಅಂಚನ್ನು ಸಿಕ್ಕಿಸಿ ಸ್ಕ್ರೂ ಬಿಗಿದೆ. ಒಳಗೆ ತಗ್ಗಿದ ಮೈಗೆ, ನನ್ನ ವಿಷಯದಲ್ಲಿ ಬಲಮೈಗೆ, ಒದ್ದೆ ಸ್ಪಂಜನ್ನು ಒಮ್ಮೆ ಎಳೆದೆ. ನೀರು ಸುರಿಯಬಾರದು, ಪ್ಲೈ ಬಿಚ್ಚಿಕೊಳ್ಳುತ್ತದೆ. ಉಬ್ಬಿದ ಮೈಗೆ ನೀರು ಹಚ್ಚಿದರೆ ಸೊಟ್ಟು ಇನ್ನೂ ಹೆಚ್ಚುತ್ತದೆ, ಇದನ್ನು ತಲೆಕೆಳಗು ಮಾಡಬೇಡಿ.

ಇಲ್ಲಿ ಶಹಾಬಾದ್ ಕಲ್ಲಿನ ಬಗ್ಗೆ ಒಂದು ಮಾತು. ನಮ್ಮ ಹಳೇ ಮನೆಗಳ ನೆಲವೆಲ್ಲ ಅದೇ ಫರಸಿ. ಚಪ್ಪಟೆ ಇದೆ ಅಂತ ಅದರ ಮೇಲೆ ಹಡಗು ಕಟ್ಟಲು ಹೋಗಬೇಡಿ. ಪಾಲಿಶ್ ಮಾಡದ ಕಲ್ಲಿನಲ್ಲಿ ಅಲೆ ಇರುತ್ತದೆ, ಮೇಜಿನ ಒಂದು ಕಾಲು ಯಾವತ್ತೂ ಕುಂಟುವುದು ಅದಕ್ಕೇ. ಮೇಲೆ ತೂಕ ಇಡೋಕೆ ಮಾತ್ರ ಶಹಾಬಾದಿನ ತುಂಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎರಡು ದಿನ ಹಾಗೇ ಬಿಟ್ಟೆ. ಮೂರನೇ ದಿನ, ಆಂಗಲ್ ಬಿಚ್ಚದೇ, ಪಕ್ಕೆಲುಬುಗಳ ನಡುವಿನ ಸಂದಿಗೆ ಮರದ ತುಂಡು ಕತ್ತರಿಸಿ ಅಂಟಿಸಿದೆ. ನಿಜವಾದ ಮದ್ದು ಇದೇ. ಬರೀ ನೆಟ್ಟಗೆ ಮಾಡಿ ಬಿಟ್ಟರೆ ಹಲಗೆ ಮಳೆಗಾಲದಲ್ಲಿ ಮತ್ತೆ ತನ್ನ ಚಾಳಿಗೆ ಹೋಗುತ್ತದೆ. ತುಂಡು ಸಂದಿಗೆ ಸರಿಯಾಗಿರಬೇಕು. ದೊಡ್ಡದಾಗಿ ಒತ್ತಿ ತುರುಕಿದರೆ ಅದೇ ಹೊಸ ಸೊಟ್ಟು ತರುತ್ತದೆ. ಎಡಕ್ಕೊಂದು ಹಾಕಿದ ಕೂಡಲೇ ಬಲಕ್ಕೊಂದು ಹಾಕಿ, ಪ್ರತಿ ಜೋಡಿಗೂ ಒಮ್ಮೆ ದಾರ ನೋಡಿ. ಎಲ್ಲ ಮುಗಿದು ಆಂಗಲ್ ಬಿಚ್ಚಿದಾಗ ದಾರ ಅರ್ಧ ಮಿ.ಮೀ. ತೋರಿಸಿತು. ಸ್ಕೇಲಿನ ಗೆರೆಗಳು ಒಂದರ ಹಿಂದೆ ಒಂದು ಅಡಗಿದವು.

ಬೆನ್ನು ನೆಟ್ಟಗಿದ್ದೂ ಪಟ್ಟಿ ಕೂರದಿದ್ದರೆ

ಆಗ ಪಟ್ಟಿಯನ್ನು ಬೈಯಬಹುದು. ಆದರೆ ಅದು ಹೇಗೆ ಕೂರುತ್ತಿಲ್ಲ ಅಂತ ನೋಡಿ ಬೈಯಿರಿ.

ಒಂದು ಅಂಚು ಮಾತ್ರ ಮನೆಯ ಹೆಂಚಿನಂತೆ ಏಳುತ್ತಿದ್ದರೆ ಪಟ್ಟಿಯನ್ನು ಅಡ್ಡಕ್ಕೆ ಬಗ್ಗಿಸಲು ನೋಡುತ್ತಿದ್ದೀರಿ. ಪಟ್ಟಿ ದಪ್ಪದ ಕಡೆಗೆ ಬಗ್ಗುತ್ತದೆ, ಅಗಲದ ಕಡೆಗೆ ಬಗ್ಗೋದಿಲ್ಲ. ಎಷ್ಟು ನೆನೆಸಿದರೂ ಅಷ್ಟೇ. ಇದಕ್ಕೆ ಮದ್ದು ಮೂತಿಯ ಕಡೆ ಪಟ್ಟಿಯ ಅಗಲ ಕಡಿಮೆ ಮಾಡೋದು. ನಡು ಪಕ್ಕೆಲುಬಿನ ಒಂದು ಬದಿಯ ಮೈಸುತ್ತಿಗೆ ಕಾಗದದ ಪಟ್ಟಿ ಹಿಡಿದು ಅಳೆಯಿರಿ. ನನ್ನದರಲ್ಲಿ 100 ಮಿ.ಮೀ. ಬಂತು, ಅಂದ್ರೆ 5 ಮಿ.ಮೀ.ನ 20 ಪಟ್ಟಿ. ಮೂತಿಯ ಹತ್ತಿರ 62 ಮಿ.ಮೀ. ಅದೇ 20 ಪಟ್ಟಿ ಅಲ್ಲಿ ಹಿಡಿಯಬೇಕಾದರೆ ಒಂದೊಂದೂ 3.1 ಮಿ.ಮೀ.ಗೆ ಇಳಿಯಬೇಕು. ಈ ಲೆಕ್ಕ ಮಾಡದೆ ಕೆಳಗಿಳಿಯುತ್ತಾ ಹೋದರೆ ಹತ್ತನೇ ಸಾಲಿಗೆ ಪಟ್ಟಿಗಳು ಒಂದರ ಮೇಲೊಂದು ಹತ್ತುತ್ತವೆ. ಲೆಕ್ಕದಲ್ಲಿ ಅರ್ಧ ಅಗಲಕ್ಕಿಂತ ಕಡಿಮೆ ಬಂದರೆ ಚೂಪು ಮಾಡಬೇಡಿ, ಪಿನ್ನು ಹೊಡೆಯುವಾಗ ಸೀಳುತ್ತದೆ. ಅಲ್ಲಿ ಒಂದು ಸಾಲನ್ನು ಅರ್ಧಕ್ಕೆ ನಿಲ್ಲಿಸಿ.

ಪಟ್ಟಿ ಎರಡು ಪಕ್ಕೆಲುಬು ಮುಟ್ಟಿ ನಡುವಿನದನ್ನು ಮುಟ್ಟದೆ ತೇಲುತ್ತಿದ್ದರೆ, ಅಥವಾ ಪಕ್ಕೆಲುಬಿನ ಒಂದು ಮೂಲೆಯನ್ನಷ್ಟೇ ಮುಟ್ಟುತ್ತಿದ್ದರೆ, ಅಂಚಿನ ಓರೆ ಸರಿಯಾಗಿ ಉಜ್ಜಿಲ್ಲ. ಒಂದು ಪಟ್ಟಿಯನ್ನು ಒಡಲಿನ ಮೇಲೆ ಬೆರಳಿನಿಂದ ಹಿಡಿದು, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ತೂರಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಎದ್ದಿದ್ದನ್ನು ಉಜ್ಜಿ, ತಗ್ಗಿದ್ದಕ್ಕೆ ತೆಳು ಪಟ್ಟಿ ಅಂಟಿಸಿ. ಬೇಸರದ ಕೆಲಸ. ನಾನು ಇದಕ್ಕೆ ಮೂರು ಭಾನುವಾರ ಕೊಟ್ಟೆ.

ಪಟ್ಟಿ ಬಗ್ಗಿಸುವಾಗ ಮುರಿದರೆ ಮೊದಲು ಅದರ ಬದಿಯ ಅಂಚಿನಲ್ಲಿ ಮರದ ಎಳೆ ಎತ್ತ ಹೋಗಿದೆ ನೋಡಿ. ಎಳೆ ಉದ್ದಕ್ಕೂ ಓಡದೆ ಓರೆಯಾಗಿ ಹೊರಗೆ ಹೋಗಿದ್ದರೆ ಆ ಪಟ್ಟಿ ಅಲ್ಲೇ ಮುರಿಯುತ್ತದೆ. ಅದನ್ನು ನೆಟ್ಟಗಿರುವ ಜಾಗಕ್ಕೆ ಎತ್ತಿಡಿ. ಎಳೆ ಸರಿಯಿದ್ದೂ ಮುರಿದರೆ ಬಿಸಿ ಸಾಲದು. ಮರವನ್ನು ಮೆತ್ತಗೆ ಮಾಡೋದು ಬಿಸಿ, ನೀರಿನ ಕೆಲಸ ಆ ಬಿಸಿಯನ್ನು ಒಳಗೆ ಒಯ್ಯೋದು. ಅರ್ಧ ಗಂಟೆ ನೆನೆಸಿ ಇಸ್ತ್ರಿ ಪೆಟ್ಟಿಗೆಯ ತುದಿಗೆ ಒತ್ತಿ ಬಗ್ಗಿಸಿದರೆ, ಒಂದು ದಿನ ತಣ್ಣೀರಲ್ಲಿ ನೆನೆಸಿದ್ದಕ್ಕಿಂತ ಚೆನ್ನಾಗಿ ಬರುತ್ತದೆ.

ಸಂದಿ ಬಿಟ್ಟಿದ್ದರೆ ಯಾವಾಗ ಬಿಟ್ಟಿತು ಅಂತ ಕೇಳಿಕೊಳ್ಳಿ. ಎರಡೇ ದಿನದಲ್ಲಿ ಬಿಟ್ಟಿದ್ದರೆ ಪಟ್ಟಿ ಒದ್ದೆ ಇದ್ದಾಗಲೇ ಅಂಟಿಸಿದ್ದೀರಿ. ಬಗ್ಗಿಸಿದ ಪಟ್ಟಿಯನ್ನು ಅಂಟಿಲ್ಲದೆ ಜಾಗದಲ್ಲಿ ಕಟ್ಟಿ ಒಂದು ರಾತ್ರಿ ಒಣಗಿಸಿ, ಮರುದಿನ ಅಂಟಿಸಿ. ಆಗಸ್ಟ್‌ನಲ್ಲಿ ಗಟ್ಟಿ ಇದ್ದದ್ದು ಏಪ್ರಿಲ್‌ನಲ್ಲಿ ಬಿಟ್ಟಿದ್ದರೆ ಅದು ನಮ್ಮ ಊರಿನ ಹವೆ. ಬಾಸ್‌ವುಡ್ ಮಳೆಗಾಲದಿಂದ ಬೇಸಿಗೆಗೆ ಅಗಲದಲ್ಲಿ ನೂರಕ್ಕೆ ಎರಡು ಮೂರು ಭಾಗ ಕುಗ್ಗುತ್ತದೆ. 5 ಮಿ.ಮೀ. ಪಟ್ಟಿಗೆ ಅದು ಒಂದು ಕೂದಲೆಳೆ ಸಂದಿ. ಬೇಸಿಗೆಯಲ್ಲಿ ತುಂಬಬೇಡಿ. ಗಟ್ಟಿ ಲಪ್ಪ (ಪುಟ್ಟಿ) ತುಂಬಿದರೆ ಮಳೆಗಾಲದಲ್ಲಿ ಪಟ್ಟಿಗೆ ಹಿಗ್ಗಲು ಜಾಗ ಇಲ್ಲದೆ ಅಂಚು ಏಳುತ್ತದೆ. ದಸರಾ ಕಳೆದು ಹವೆ ನಡುಮಟ್ಟಕ್ಕೆ ಬಂದಾಗ ತುಂಬಿ ಉಜ್ಜಿ, ಒಳಗೂ ಹೊರಗೂ ವಾರ್ನಿಷ್ ಬಳಿಯಿರಿ. ಒಳಗೆ ಬಳಿಯೋದನ್ನು ಮರೆಯುವವರೇ ಜಾಸ್ತಿ. ಹೊರಗೆ ಮಾತ್ರ ಬಳಿದರೆ ಮತ್ತೆ ಅದೇ ಕಥೆ, ಒಂದು ಮೈ ಹಸಿ ಕುಡಿಯುತ್ತದೆ, ಇನ್ನೊಂದು ಕುಡಿಯೋದಿಲ್ಲ.

ಈಗ ಮೇಜು ಒಳಕೋಣೆಗೆ ಹೋಗಿದೆ. ಅಲ್ಲಿ ಕೂಲರ್ ಗಾಳಿ ಬರೋದಿಲ್ಲ, ಕೆಲಸ ಮಾಡುವಾಗ ನಾನೇ ಬೇಯುತ್ತೇನೆ. ಹಡಗು ಹನ್ನೊಂದನೇ ಸಾಲಿನಲ್ಲಿದೆ. ಎರಡೂ ಬದಿಯ ಪಟ್ಟಿ ಹಿಂದೆ ಒಂದೇ ಎತ್ತರಕ್ಕೆ ಮುಗಿಯುತ್ತಿವೆ. ಕಾಕಾ ಮೊನ್ನೆ ಬಂದು ಸ್ಕೇಲ್ ಇಟ್ಟು ನೋಡಿ, ಏನೂ ಹೇಳದೆ ಚಹಾ ಕೇಳಿದರು.